ನೂರ ಇಪ್ಪತ್ತೇಳು ಕಳೀಬೇಕಿತ್ತು

ಕೂರಬೇಡ. ನಿಂತೇ ಇರು ಸ್ವಲ್ಪ. ಇಲ್ಲ, ಕಾಫಿಯೂ ಇಲ್ಲ ಈಗ. ನನ್ನ ಹೆಂಡತಿ ಒಳಗಿಂದ ಲೋಟ ಹಿಡ್ಕೊಂಡು ಬಂದ್ರೂ ವಾಪಸ್ ಕಳಿಸ್ತೇನೆ. ಮೊದಲು ಮಾತು ಮುಗೀಲಿ.

ಹತ್ತು ಗಂಟೆಗೆ ಬೊಳ್ಳಮ್ಮ ಬರ್ತಾರೆ. ಪಕ್ಕದ ತೋಟದವರು, ನಿನಗೆ ಗೊತ್ತುಂಟಲ್ಲ, ಮಳೆ ಅಳೆಯೋ ಮಿಷನ್ ಇಟ್ಟ ದಿನ ನಿನ್ನ ಬ್ಯಾಗಿನ ತುಂಬ ಕಿತ್ತಳೆ ತುಂಬಿ ಕಳಿಸಿದ್ರಲ್ಲ, ಅವರೇ. ಅವರು ಈ ಜಗಲಿ ಹತ್ತಿದ ಕೂಡ್ಲೆ ನೀನು ಒಂದೇ ಒಂದು ಮಾತು ಹೇಳ್ಬೇಕು. 'ಅಮ್ಮಾ, ನನ್ನ ಮಿಷನ್ ತಪ್ಪು ತೋರಿಸಿತು, ಮೇಷ್ಟ್ರದ್ದು ಏನೂ ತಪ್ಪಿಲ್ಲ.' ಅಷ್ಟೆ. ಆಮೇಲೆ ಕೂತ್ಕೋ, ಕಾಫಿ ಕುಡಿ, ಊಟ ಮಾಡ್ಕೊಂಡೇ ಕುಶಾಲನಗರದ ಬಸ್ಸು ಹತ್ತು.

ಏನು ಹಾಗೆ ನೋಡೋದು? ಸುಳ್ಳು ಹೇಳಿಸ್ತಿದ್ದೇನಾ ನಾನು? ತಪ್ಪು ತೋರಿಸ್ಲಿಲ್ವಾ ಅದು? ಈ ಕಂಬಕ್ಕೆ ನೀನೇ ಮೊಳೆ ಹೊಡೆದು ತೂಗುಹಾಕಿದ ಡಬ್ಬ ಧನುಶ್ರೀ ಇದು, ಬೇರೆ ಯಾರದ್ದೂ ಅಲ್ಲ. ಕಾಫಿ ಮೊಗ್ಗು ಅರಳಿಸೋ ಹೂಮಳೆ ಬಂದ ದಿನ ಇದು ಎಷ್ಟು ತೋರಿಸಿತು? ಎಂಬತ್ತನಾಲ್ಕು ಸೆಂಟು. ಆಚೆ ಗುಡ್ಡದ ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರ್ ಹೇಳಿದ, ಅವರಲ್ಲಿ ನಲವತ್ತು ಚಿಲ್ಲರೆ ಅಂತ. ಒಂದು ಬೇಲಿಯ ಆಚೆ ಈಚೆ ಮಳೆ ದುಪ್ಪಟ್ಟು ಆಗ್ತದಾ? ಆ ಮೋಡಕ್ಕೆ ನಮ್ಮ ಮೇಲೆ ಎಂತ ವಿಶೇಷ ಪ್ರೀತಿ?

ನಿನಗೆ ಮಿಲ್ಲಿಮೀಟರಿನ ಲೆಕ್ಕ ಗೊತ್ತು. ನಮ್ಮ ತೋಟಗಳಲ್ಲಿ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ಎದ್ದವರು ದೇವರಿಗೆ ಕೈ ಮುಗಿಯೋದು ಆಮೇಲೆ, ಮೊದಲು ಮಳೆಯ ಗೇಜು ನೋಡೋದು. ಬೇಲಿ ಆಚೆಯಿಂದ ಬೊಳ್ಳಮ್ಮ ದಿನಾ ಕೇಳ್ತಾರೆ, 'ಮೇಷ್ಟ್ರೇ, ಎಷ್ಟು ಸೆಂಟು?' ಇಡೀ ಬಿಟ್ಟಂಗಾಲದಲ್ಲಿ ಯಾರು ಏನು ಹೇಳಿದ್ರೂ ಅವರಿಗೆ ನಂಬಿಕೆ ಇಲ್ಲ, ನಾನು ಹೇಳಿದ್ದೇ ಲೆಕ್ಕ. ಯಾಕೆ ಅಂತ ಕೇಳು. ಅವರ ಮಕ್ಕಳಿಗೆಲ್ಲ ನಾನೇ ಗಣಿತ ಹೇಳಿಕೊಟ್ಟದ್ದು. ನಿನಗೂ ನಾನೇ ಹೇಳಿಕೊಟ್ಟದ್ದು.

ಮೂಗಿಗೆ ಬರ್ತಾ ಉಂಟಾ ಕಾಫಿ ಹೂವಿನ ಪರಿಮಳ? ಮಲ್ಲಿಗೆ ಮಾಲೆ ಬಿಚ್ಚಿಟ್ಟ ಹಾಗೆ? ಅದು ನಮ್ಮದಲ್ಲ. ಆಚೆ ಗುಡ್ಡದ್ದು. ಅವರು ನಲವತ್ತು ಸೆಂಟು ಸಾಲದು ಅಂತ ಮಾರನೇ ದಿನವೇ ಸ್ಪ್ರಿಂಕ್ಲರ್ ಓಡಿಸಿದ್ರು, ಗಿಡ ಗಿಡವೇ ಬೆಳ್ಳಗೆ ನಿಂತಿದೆ. ಜೇನೂ ಅಲ್ಲಿಗೇ ಹೋಗಿ ಕೂತಿದೆ. ನಮ್ಮಲ್ಲಿ ಬಂದು ನೋಡು. ಮೊಗ್ಗು ಅರ್ಧಕ್ಕೆ ನಿಂತು ಕೆಂಪಗೆ ತಿರುಗಿ ಒಣಗಿದೆ. ಕೈಯಲ್ಲಿ ಹಿಚುಕಿದ್ರೆ ನಶ್ಯದ ಪುಡಿ. ಹೂ ಹೋದ್ರೆ ಹೋಯ್ತು, ಮುಂದಿನ ವರ್ಷದ ತನಕ ಮತ್ತೆ ಹೂ ಇಲ್ಲ, ಕಾಯಿ ಇಲ್ಲ.

ನನ್ನದು ಬಿಡು. ನನಗೆ ಪೆನ್ಷನ್ ಉಂಟು. ಬೊಳ್ಳಮ್ಮನಿಗೆ ಎಂತ ಉಂಟು? ಅವರ ಗಂಡ ತೀರಿಹೋದ ಮೇಲೆ ಆ ಎರಡು ಏಕರೆ ರೊಬಸ್ಟಾವೇ ಅವರಿಗೆ ಗಂಡ, ಮಕ್ಕಳು ಎಲ್ಲ. ಸ್ಪ್ರಿಂಕ್ಲರ್ ಪೈಪು ಬಾಡಿಗೆಗೆ ತರಿಸಿ ಅಂಗಳದಲ್ಲಿ ಇಟ್ಕೊಂಡಿದ್ರು. ಬೇಲಿ ಹತ್ರ ಬಂದು ಕೇಳಿದ್ರು, 'ಎಷ್ಟು ಸೆಂಟು ಮೇಷ್ಟ್ರೇ, ನೀರು ಹಾಯಿಸ್ಬೇಕಾ?' ನಾನು ಹೇಳಿದೆ, ಎಂಬತ್ತನಾಲ್ಕು, ಏನೂ ಬೇಡ, ಪೈಪು ವಾಪಸ್ ಕಳಿಸಿ. ಕಳಿಸಿಬಿಟ್ರು. ಒಂದು ಮಾತು ಎದುರಾಡ್ಲಿಲ್ಲ ಆ ಹೆಂಗಸು. ಈಗಲೂ ಒಂದು ಮಾತು ಬೈಲಿಲ್ಲ ನನ್ನನ್ನ. ಬೈದಿದ್ರೆ ಒಳ್ಳೇದಿತ್ತು.

ಬಾಯಲ್ಲಿ ಎಂತ, ಕಡುಬು ಇಟ್ಕೊಂಡಿದ್ದೀಯಾ? ಮಾತಾಡು. ಮೌನಂ ಸಮ್ಮತಿ ಲಕ್ಷಣಂ ಅಂತಾರೆ, ಒಪ್ಕೊಂಡೆ ಅಂತ ತಿಳ್ಕೊಳ್ಳಲಾ?

ಬೇಡ, ಲ್ಯಾಪ್‌ಟಾಪ್ ತೆಗೀಬೇಡ. ಅದರಲ್ಲಿ ಎಂತ ಉಂಟು ಅಂತ ನನಗೆ ಗೊತ್ತು. ನೀನು ಹೇಳಿಕೊಟ್ಟದ್ದನ್ನ ನಾನು ಮರೆತಿಲ್ಲ. ವಯಸ್ಸಾಯ್ತು ಅಂತ ತಲೆ ಹೋಗಿಲ್ಲ ನನಗೆ. ಈ ಡಬ್ಬದೊಳಗಿನ ಚಿಪ್ ಬಡವ, ಅದಕ್ಕೆ ದಶಾಂಶ ಸಂಖ್ಯೆಯನ್ನ ನೇರವಾಗಿ ಬರೆದು ತೋರಿಸೋಕೆ ಬರೋದಿಲ್ಲ. ಅದಕ್ಕೆ ನೀನು ಸಂಖ್ಯೆಯನ್ನ ಒಡೀತೀಯ. ಮೂವತ್ತೆರಡು ಬಿಟ್, ಅಂದ್ರೆ ಸೊನ್ನೆ ಒಂದರ ಮನೆಗಳು. ಮೊದಲನೇದು ಪ್ಲಸ್ಸೋ ಮೈನಸ್ಸೋ ಅಂತ ಹೇಳ್ತದೆ. ಆಮೇಲಿನ ಎಂಟು ಬಿಟ್ ಘಾತಾಂಕ. ಉಳಿದ ಇಪ್ಪತ್ತಮೂರು, ಸಂಖ್ಯೆಯ ಮೈ. ಘಾತಾಂಕ ಬೇಕು ಅಂದ್ರೆ ಇಪ್ಪತ್ತಮೂರು ಮನೆ ಬಲಕ್ಕೆ ತಳ್ಳಿ, ಎಂಟನ್ನ ಮಾತ್ರ ಇಟ್ಕೊಂಡು, ಅದರಿಂದ ನೂರ ಇಪ್ಪತ್ತೇಳು ಕಳೀಬೇಕು. ಸರಿಯಾ? ತಲೆ ಆಡಿಸು ಸಾಕು. ಸರಿ.

ಯಾಕೆ ನೂರ ಇಪ್ಪತ್ತೇಳು? ಅದನ್ನೂ ನೀನೇ ಹೇಳಿದ್ದು. ಸಣ್ಣ ಸಂಖ್ಯೆಗಳಿಗೆ ಘಾತಾಂಕ ಮೈನಸ್ ಆಗ್ತದೆ, ಆ ಎಂಟು ಬಿಟ್‌ನಲ್ಲಿ ಮೈನಸ್ ಬರೆಯೋಕೆ ಜಾಗ ಇಲ್ಲ, ಅದಕ್ಕೆ ಎಲ್ಲದಕ್ಕೂ ನೂರ ಇಪ್ಪತ್ತೇಳು ಕೂಡಿಸಿ ಇಟ್ಟಿರ್ತಾರೆ, ತೆಗೆಯುವಾಗ ವಾಪಸ್ ಕಳೀಬೇಕು. ನನಗೆ ಎಷ್ಟು ಖುಷಿ ಆಗಿತ್ತು ಗೊತ್ತುಂಟಾ ಆ ದಿನ. ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಕೂತು ಉಗುರು ಕಚ್ಚುತ್ತಿದ್ದ ಹುಡುಗಿ ನನಗೆ ಪಾಠ ಹೇಳ್ತಿದ್ದಾಳೆ ಅಂತ. ಒಳಗೆ ಹೋಗಿ ನನ್ನ ಹೆಂಡತಿಗೂ ಹೇಳಿದೆ.

ಈಗ ಲೆಕ್ಕ ನೋಡು. ನಲವತ್ತೆರಡು ಸೆಂಟು, ಅಂದ್ರೆ ಪಾಯಿಂಟ್ ನಾಲ್ಕು ಎರಡು ಇಂಚು. ಒಳಗೆ ಅದು ಕೂತಿರೋದು ಒಂದು ಪಾಯಿಂಟ್ ಆರು ಎಂಟು ಅಂತ, ಘಾತಾಂಕದ ಮನೆಯಲ್ಲಿ ನೂರ ಇಪ್ಪತ್ತೈದು ಅಂತ. ನೂರ ಇಪ್ಪತ್ತೇಳು ಕಳೆದ್ರೆ ಮೈನಸ್ ಎರಡು. ಎರಡು ಸಲ ಅರ್ಧ ಮಾಡು, ನಲವತ್ತೆರಡು ಬಂತು. ನೀನು ಎಷ್ಟು ಕಳೆದೆ? ನೂರ ಇಪ್ಪತ್ತಾರು. ಮೈನಸ್ ಒಂದು ಬಂತು. ಒಂದೇ ಸಲ ಅರ್ಧ. ಎಂಬತ್ತನಾಲ್ಕು. ಒಂದು ಕಡಿಮೆ ಕಳೆದದ್ದಕ್ಕೆ ಇಡೀ ಮಳೆ ದುಪ್ಪಟ್ಟು. ಯಾವ ಪ್ರೈಮರಿ ಶಾಲೆಯ ಹುಡುಗನಿಗೂ ಗೊತ್ತಾಗ್ತದೆ ಇದು. ಇಂಜಿನಿಯರಿಂಗ್ ಓದಿದ ನಿನಗೆ ಗೊತ್ತಾಗ್ಲಿಲ್ಲ ಅಲ್ವಾ?

ಯಾಕೆ ನಗು? ನಗಲಿಲ್ವಾ? ತುಟಿ ಹಾಗೆ ಮಾಡಿದ್ದು ಮತ್ತೆ ಎಂತಕ್ಕೆ?

ಹ್ಞಾಂ... ನೂರ ಇಪ್ಪತ್ತಾರು ಯಾರು ಹಾಕಿದ್ದು ಅಂತ ಕೇಳ್ತಿದ್ದೀಯಲ್ಲ ಆ ಕಣ್ಣಲ್ಲಿ. ನಿನ್ನ ಕೈಯೇ ಹಾಕಿದ್ದು. ಕೀಲಿಮಣೆ ಒತ್ತಿದ್ದು ನಿನ್ನ ಬೆರಳು. ನಾನಲ್ಲ.

ಸರಿ, ನಾನು ಹೇಳಿದೆ. ಹೇಳಿದೆ, ಅದಕ್ಕೇನೀಗ? ಮಿಷನ್ ಇಟ್ಟ ವಾರವೇ ಒಂದು ತುಂತುರು ಬಂತು, ನಿನ್ನ ಮಿಷನ್ ಇಪ್ಪತ್ತೊಂದು ಅಂತು, ನನ್ನ ಹಳೆ ಗೇಜಿನ ಗಾಜಿನಲ್ಲಿ ನಲವತ್ತೊಂದು ಇತ್ತು. ನಾನು ಫೋನ್ ಮಾಡಿ ಬೈದೆ. ನೀನು ಮೊದಲ ಬಸ್ಸಿಗೇ ಓಡಿ ಬಂದೆ. ಅರ್ಧ ತೋರಿಸ್ತದೆ, ಸರಿಮಾಡು ಅಂತ ನಾನಂದೆ. ಇಷ್ಟು ಸುಲಭ, ಒಂದು ಕಡಿಮೆ ಕಳಿ, ದುಪ್ಪಟ್ಟಾಗ್ತದೆ ಅಂತ ಕೂಡ ಹೇಳಿದೆ, ಲೆಕ್ಕದ ಮೇಷ್ಟ್ರು ಅಲ್ವಾ ನಾನು, ತಕ್ಷಣ ಹೊಳೀತು. ನಾನು ಹೇಳಿದ್ರೆ ನೀನು ಮಾಡ್ಬೇಕಾ? ನಾಳೆ ನಾನು ಬಾವಿಗೆ ಹಾರು ಅಂದ್ರೆ ಹಾರ್ತೀಯಾ? 'ಸಾರ್, ಇದು ತಪ್ಪು' ಅಂತ ಹೇಳೋಕೆ ನಿನಗೆ ನಾಲಿಗೆ ಇರ್ಲಿಲ್ವಾ?

ಹೇಳಿದ್ಯಾ?

ಒಂದು ಸಲ ನೀನು ಹೇಳಿದೆ, ಒಪ್ತೇನೆ. ಎರಡು ಸಲ ಹೇಳಿದೆ. ನೀರು ಅಳೆದು ಸುರಿದು ನೋಡುವಾ ಸಾರ್ ಅಂದೆ. ಅದಕ್ಕೆ ನಾನು ಕಿರುಚಿದೆ. ಮೂವತ್ತು ವರ್ಷದಿಂದ ಈ ಗಾಜಿನಲ್ಲಿ ಮಳೆ ಅಳೀತಿದ್ದೇನೆ, ನೀನು ನಿನ್ನೆ ಮೊನ್ನೆ ಹುಟ್ಟಿದವಳು ಅಂದೆ. ಕಿರುಚಿದ್ರೆ ಹೆದರ್ಕೊಂಡು ತಪ್ಪು ಮಾಡೋದಾ? ಆಗ ಹೆದರಿದವಳು ಈಗ ಯಾಕೆ ಹೆದರ್ತಾ ಇಲ್ಲ?

ನೋಡು ಧನು. ಸಿಟ್ಟು ಬಿಟ್ಟು ಹೇಳ್ತೇನೆ. ಇಲ್ಲಿ ಸುತ್ತಮುತ್ತ ನಾಲ್ಕು ತೋಟದವರು ನಿನ್ನ ಮಿಷನ್ ಬೇಕು ಅಂತ ಹೇಳಿದ್ದಾರೆ, ನನಗೆ ಗೊತ್ತು. ಇವತ್ತು ನೀನು ಮಿಷನ್ ತಪ್ಪು ಅಂದ್ರೆ ಮಧ್ಯಾಹ್ನದೊಳಗೆ ವಿರಾಜಪೇಟೆ ತನಕ ಸುದ್ದಿ ಹೋಗ್ತದೆ, ಯಾರೂ ತಗೊಳ್ಳೋದಿಲ್ಲ. ಅದೂ ಗೊತ್ತು. ಆದ್ರೆ ನೀನು ಚಿಕ್ಕವಳು. ಬೇರೆ ಎಂತಾದ್ರೂ ಮಾಡ್ಕೊಳ್ತೀಯ. ಹೆಸರು ಬದಲಾಯಿಸಿ ಇನ್ನೊಂದು ಮಿಷನ್ ಮಾಡು. ನಾನು ಈ ವಯಸ್ಸಲ್ಲಿ ಇನ್ನೊಂದು ಹೆಸರು ಎಲ್ಲಿಂದ ತರ್ಲಿ? 'ಮೇಷ್ಟ್ರು ಹೇಳಿದ್ರೆ ಸರಿ' ಅನ್ನೋದು ಬಿಟ್ರೆ ನನ್ನ ಹತ್ರ ಬೇರೆ ಎಂತ ಉಂಟು?

ಎಲ್ಲಿಗೆ ಹೋಗ್ತೀಯ? ಕಿವಿ ಕೇಳಿಸ್ತದಾ? ಅಂಗಳಕ್ಕೆ ಯಾಕೆ ಇಳಿದೆ?

ಅದನ್ನ ಮುಟ್ಟಬೇಡ. ಅದು ಹಳೆ ಗೇಜು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕುಣೀಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ನಿನ್ನ ಕತೆ. ಹೂಮಳೆ ದಿನ ನಾನು ಅದನ್ನ ನೋಡಿಯೇ ಇಲ್ಲ. ನಿನ್ನ ಮಿಷನ್ ಇದೆಯಲ್ಲ ಅಂತ ಅದರ ಹತ್ರ ಹೋಗ್ಲೇ ಇಲ್ಲ. ಹೋಗಿದ್ರೆ ಅವತ್ತೇ ಗೊತ್ತಾಗ್ತಿತ್ತು ನಿನ್ನ ತಪ್ಪು. ಬರೀ ಎರಡು ಸೆಂಟು ವ್ಯತ್ಯಾಸ ಇತ್ತು ಅಂತ ನಾನು...

ಎಂತ?

ಎರಡು ಸೆಂಟು ಅಂದೆನಾ? ಬಾಯಿ ತಪ್ಪಿ ಬಂತು. ಬೇರೆ ದಿನದ್ದು ಅದು. ಹಾಗೆ ನೋಡ್ಬೇಡ ಮಾರಾಯ್ತಿ, ಪೊಲೀಸಿನವರ ಹಾಗೆ.

ನೋಡಿದ್ದೆ, ಸರಿಯಾ? ನೋಡಿದ್ದೆ. ಎಂಬತ್ತೆರಡು ಇತ್ತು ಗಾಜಿನಲ್ಲಿ. ನಿನ್ನದು ಎಂಬತ್ತನಾಲ್ಕು. ಎರಡೂ ತಾಳೆ ಆಯ್ತು, ಬೊಳ್ಳಮ್ಮನಿಗೆ ಧೈರ್ಯವಾಗಿ ಹೇಳಿದೆ. ಇದ್ರಲ್ಲಿ ನನ್ನ ತಪ್ಪು ಎಂತ?

ಆ ಆಲಿಕೆ ಕೆಳಗಿಡು. ಇಡು ಅಂದೆ. ಅದು ತಗಡಿನದ್ದು, ಬಗ್ಗಿಹೋಗ್ತದೆ. ಹೌದು, ಹೊಸದು ಅದು. ಕಳೆದ ವರ್ಷ ಹಲಸಿನ ಹಣ್ಣಿನ ಕಾಲಕ್ಕೆ ಆನೆ ಬಂತಲ್ಲ, ಹಲಸು ತಿಂದು ಹೋಗುವಾಗ ಗೇಜಿನ ಮೇಲೆ ಕಾಲಿಟ್ಟು ಅಪ್ಪಚ್ಚಿ ಮಾಡಿ ಹೋಯ್ತು. ಅಳೆಯೋ ಗಾಜು ಒಳಗೆ ಕಪಾಟಿನಲ್ಲಿತ್ತು, ಅದೊಂದು ಉಳೀತು. ವಿರಾಜಪೇಟೆಯ ತಗಡಿನ ಕೆಲಸದವನ ಹತ್ರ ಹೋಗಿ ಹೊಸ ಆಲಿಕೆ ತಂದೆ. ಆಲಿಕೆ ಅಂದ್ರೆ ಆಲಿಕೆ. ಮಳೆ ಬೀಳ್ತದೆ, ಕೆಳಗೆ ಇಳೀತದೆ, ಗಾಜಿಗೆ ಸುರಿದು ಅಳೀತೇವೆ. ಅದ್ರಲ್ಲಿ ನೋಡೋಕೆ ಎಂತ ಉಂಟು?

ಟೇಪು ಯಾಕೆ ತಂದಿದ್ದೀಯ ನೀನು?

ಬ್ಯಾಗಲ್ಲೇ ಇಟ್ಕೊಂಡು ಬಂದಿದ್ದೀಯ. ಅಂದ್ರೆ ಮನೆಯಿಂದ ಹೊರಡುವಾಗಲೇ... ನಾನು ಫೋನಿನಲ್ಲಿ ಅಷ್ಟು ಬೈದಾಗ 'ಆಯ್ತು ಸಾರ್, ಬರ್ತೇನೆ' ಅಂದೆಯಲ್ಲ, ಆಗಲೇ ಗೊತ್ತಿತ್ತಾ ನಿನಗೆ? ಬೊಳ್ಳಮ್ಮ ನಿನಗೂ ಫೋನ್ ಮಾಡಿದ್ರು ಅಂತ ನನ್ನ ಹೆಂಡತಿ ಹೇಳಿದಳು. ಅವರಿಗೆ ಎಂತ ಹೇಳಿದೆ? ಎಂತದೂ ಹೇಳ್ಲಿಲ್ವಾ? ನೂರ ಇಪ್ಪತ್ತಾರು ಮೇಷ್ಟ್ರೇ ಹಾಕಿಸಿದ್ದು ಅಂತಾದ್ರೂ? ಅದೂ ಇಲ್ಲ.

ಯಾಕೆ ಹೇಳ್ಲಿಲ್ಲ? ನನಗೆ ಭಿಕ್ಷೆ ಹಾಕ್ತೀಯಾ ನೀನು?

ಅಳೆ, ಅಳೆ. ಬಾಯಿಗೆ ಅಡ್ಡ ಇಟ್ಟು ಸರಿಯಾಗಿ ಅಳೆ. ಏಳಿಂಚು. ಗೊತ್ತು ನನಗೆ. ಗಾಜು ಇಲ್ಲಿದೆ ತಗೋ, ಅದರ ಮೇಲೆ ಕೊರೆದದ್ದನ್ನೂ ಓದು. ಐದಿಂಚಿನ ಗೇಜಿಗೆ ಅಂತ ಬರೆದಿದೆ. ಅದೂ ಗೊತ್ತು. ಐದರ ವರ್ಗ ಇಪ್ಪತ್ತೈದು, ಏಳರ ವರ್ಗ ನಲವತ್ತೊಂಬತ್ತು. ಹೆಚ್ಚು ಕಡಿಮೆ ದುಪ್ಪಟ್ಟು. ಬಾಯಿ ದೊಡ್ಡದಾದ್ರೆ ಮಳೆ ಜಾಸ್ತಿ ನುಂಗ್ತದೆ, ಗಾಜಿಗೆ ಅದು ಗೊತ್ತಾಗೋದಿಲ್ಲ. ಗಾಜಿಗೆ ಗೊತ್ತಾಗೋದಿಲ್ಲ, ನನಗೆ ಗೊತ್ತಾಗ್ತದೆ. ಎಂಟನೇ ಕ್ಲಾಸಿನಲ್ಲಿ ವೃತ್ತದ ವಿಸ್ತೀರ್ಣ ನಿನಗೆ ಹೇಳಿಕೊಟ್ಟದ್ದು ಯಾರು?

ಐದಿಂಚಿನದ್ದು ಆ ದಿನ ಅಂಗಡಿಯಲ್ಲಿ ಇರ್ಲಿಲ್ಲ ಧನು. ಏಳಿಂಚಿನದ್ದು ತಯಾರಿತ್ತು. ತಗೋ, ಮನೆಯಲ್ಲಿ ಗುಣಿಸಿ ಭಾಗಿಸಿ ಸರಿ ಮಾಡಿದ್ರಾಯ್ತು ಅಂತ ತಂದೆ. ಮಾಡ್ತಿದ್ದೆ. ಆದ್ರೆ ಮಾರನೇ ದಿನ ಬೆಳಿಗ್ಗೆಯೇ, ಮಳೆಗೆ ಹೆಸರಾದ ಕಕ್ಕಬೆಯಿಂದ ಕುಶಾಲಪ್ಪನ ಫೋನು. ನನ್ನ ಹೆಂಡತಿಯ ಅಣ್ಣ. ಮಳೆಗಾಲ ಪೂರ್ತಿ ದಿನಾ ಫೋನ್ ಮಾಡ್ತಾನೆ ಆ ಮನುಷ್ಯ, 'ನಮ್ಮಲ್ಲಿ ನಾಲ್ಕು ಇಂಚು ಇಪ್ಪತ್ತು ಭಾವ, ನಿಮ್ಮಲ್ಲಿ?' ನಾನು ಎರಡು ಚಿಲ್ಲರೆ ಅಂದ್ರೆ 'ಅಯ್ಯೋ ಪಾಪ' ಅಂತಾನೆ. ಅಯ್ಯೋ ಪಾಪ. ಮದುವೆಯಾದ ವರ್ಷದಿಂದ ಕೇಳ್ತಿದ್ದೇನೆ ಈ ಅಯ್ಯೋ ಪಾಪವನ್ನ. ಮಳೆ ಏನು ಅವನು ಹಾಕಿ ಬೆಳೆಸಿದ ಗಿಡವಾ? ಆ ದಿನ ಗಾಜಿನಲ್ಲಿದ್ದದ್ದನ್ನ ಹಾಗೇ ಓದಿ ಹೇಳಿದೆ. ನಾಲ್ಕು ಇಂಚು ಮೂವತ್ತೈದು. ಆ ಕಡೆ ಮಾತೇ ಇಲ್ಲ. ಫೋನ್ ಕಟ್ಟಾಯ್ತೇನೋ ಅಂದ್ಕೊಂಡೆ.

ನಗಬೇಕಾದ್ರೆ ನಗು ಈಗ. ಯಾಕೆ ನಗ್ತಾ ಇಲ್ಲ? ಇದು ನಗುವ ವಿಷಯವೇ.

ಆಮೇಲೆ ಇಳಿಸೋದು ಹೇಗೆ? ಇವತ್ತು ನಾಲ್ಕು ಹೇಳಿ ನಾಳೆ ಎರಡು ಹೇಳೋಕಾಗ್ತದಾ? ಬಿಟ್ಟಂಗಾಲದ ಮೇಷ್ಟ್ರ ತೋಟ ಕಕ್ಕಬೆಯನ್ನ ಹಿಂದೆ ಹಾಕಿತು ಅಂತ ಒಂದು ನಾಮಕರಣದ ಮನೆಯಲ್ಲಿ ಜನ ಮಾತಾಡಿದ್ರು. ನಿಜವಾದ ಲೆಕ್ಕ ನಾನು ತಲೆಯಲ್ಲಿ ಇಟ್ಕೊಂಡಿದ್ದೆ. ಯಾರಿಗೆ ನಷ್ಟ ಆಯ್ತು? ಮಳೆಗಾಲದಲ್ಲಿ ನೂರು ಇಂಚಾದ್ರೂ ಅಷ್ಟೆ, ಇನ್ನೂರಾದ್ರೂ ಅಷ್ಟೆ, ಯಾರೂ ಸ್ಪ್ರಿಂಕ್ಲರ್ ಓಡಿಸೋದಿಲ್ಲ. ನಿನ್ನ ಮಿಷನ್ ಬಂದು ಅರ್ಧ ತೋರಿಸ್ದಾಗ ಮಾತ್ರ... ಅದನ್ನ ಹಾಗೇ ಬಿಟ್ಟಿದ್ರೆ ಕುಶಾಲಪ್ಪ ಬಂದು ನೋಡ್ತಿದ್ದ, ಈ ಕಂಬದ ಎದುರು ನಿಂತು 'ಅಯ್ಯೋ ಪಾಪ' ಅಂತಿದ್ದ. ಅಷ್ಟೇ ಕಣೇ. ಅಷ್ಟಕ್ಕೇ.

ಆದ್ರೆ ಹೂಮಳೆಯ ದಿನ ನಾನು ತಲೆಯಲ್ಲಿ ಭಾಗಿಸ್ಬೇಕಿತ್ತು. ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಸಂಖ್ಯೆ ನೋಡಿ ನಾನೇ ನಂಬಿಬಿಟ್ಟೆ. ನಾನೇ ಹೇಳಿಸಿದ ಸುಳ್ಳಿಗೆ ನಾನೇ ಸಾಕ್ಷಿ ಕೇಳಿ, ನಾನೇ ನಂಬಿದೆ. ಆ ಸಿಟ್ಟು ಯಾರ ಮೇಲೆ ತೀರಿಸ್ಲಿ ಹೇಳು?

ಲ್ಯಾಪ್‌ಟಾಪಿಗೆ ವಯರು ಹಾಕಿದ್ಯಾ? ಎಂತ ಮಾಡ್ತಿದ್ದೀಯ? ನೂರ ಇಪ್ಪತ್ತೇಳು. ಹ್ಞೂಂ. ಹಾಕು. ನಿನ್ನೆ ರಾತ್ರಿ ನಾಲ್ಕು ಹನಿ ಬಿತ್ತಲ್ಲ, ಡಬ್ಬದಲ್ಲಿ ಹದಿನೆಂಟು ಅಂತ ಇತ್ತು ಬೆಳಿಗ್ಗೆ. ಈಗ ಎಷ್ಟು? ಒಂಬತ್ತು. ಒಂಬತ್ತೇ.

ಗೇಟಿನ ಚಿಲಕ ಅಲ್ವಾ ಅದು? ಬಂದ್ರು.

ಹೋಗು, ನೀನೇ ಹೇಳು. ನೀನು ಹೇಳ್ತೀಯಾ ಧನು? ಹೇಗೆ ಬೇಕಾದ್ರೂ ಹೇಳು. ಮಿಷನ್ ತಪ್ಪು ಅಂತ ಬೇಡ, ಮೇಷ್ಟ್ರು ತಪ್ಪು ಅಂತಲೇ ಹೇಳು, ನಾನು ಇಲ್ಲೇ ತಲೆ ತಗ್ಗಿಸಿ ನಿಂತಿರ್ತೇನೆ. ಹೇಳೋದಿಲ್ವಾ? ಅವರ ಎದುರು ಕೂಡ ಬಾಯಿ ಬಿಡೋದಿಲ್ವಾ ನೀನು? ಆಲಿಕೆಯನ್ನ ಬೆನ್ನ ಹಿಂದೆ ಯಾಕೆ ಬಚ್ಚಿಡ್ತೀಯ? ಬಚ್ಚಿಡಬೇಡ ಮಗು. ಈಚೆ ಕೊಡು ಅದನ್ನ.

ಬನ್ನಿ ಬೊಳ್ಳಮ್ಮ. ಹ್ಞಾಂ, ಧನು ಆಗಲೇ ಬಂದಳು. ಇವತ್ತಿನದ್ದಾ? ಒಂಬತ್ತು ಸೆಂಟು.

ಸರಿಯಾಗಿಯೇ ಕೇಳಿಸಿದ್ದು ನಿಮಗೆ. ಒಂಬತ್ತು. ಮೊದಲು ಕೂತ್ಕೊಳ್ಳಿ. ಆವತ್ತಿನದ್ದು ಎಂಬತ್ತನಾಲ್ಕಲ್ಲ, ನಲವತ್ತೆರಡು. ಇವಳ ಮಿಷನ್ ಸರಿಯಾಗಿತ್ತು.